ಗುಂಡಿಗೆ ಹಾಕುವ ಗೊಬ್ಬರ

ಶಿರಸಿ ಕಡೆಯ ನಮ್ಮ ದೊಡ್ಡಪ್ಪನ ಮನೆಯಲ್ಲಿ ಶಿವರಾತ್ರಿ ಕಳೆಯುತ್ತಿದ್ದಂತೆ ಸುವರ್ಣಗಡ್ಡೆಗೆ ಗುಂಡಿ ತೋಡುವ ಕೆಲಸ ಶುರುವಾಗುತ್ತಿತ್ತು. ಮೊಣಕಾಲುದ್ದದ ಗುಂಡಿ. ತಳಕ್ಕೆ ಒಣ ದರಕು, ಅದರ ಮೇಲೆ ಸುಡುಮಣ್ಣು, ಆಮೇಲೆ ಬುಟ್ಟಿ ತುಂಬ ಕೊಟ್ಟಿಗೆ ಗೊಬ್ಬರ, ಮತ್ತೆ ಮೇಲ್ಮಣ್ಣು. ಇಷ್ಟಾದ ಮೇಲೆ ಅಟ್ಟದಿಂದ ಬೀಜದ ಗಡ್ಡೆ ಇಳಿಯುತ್ತಿತ್ತು. ನಡುವಿನ ಮೊಳಕೆಯ ಚೂರು ಪ್ರತಿ ಹೋಳಿಗೂ ಬರುವ ಹಾಗೆ ಅದನ್ನು ಸೀಳಿ, ಸಗಣಿ ನೀರಲ್ಲಿ ಅದ್ದಿ, ನೆರಳಲ್ಲಿ ಆರಿಸಿ ಇಡುತ್ತಿದ್ದರು. ಗಿಡ ಇನ್ನೂ ಹುಟ್ಟೇ ಇಲ್ಲ, ಈಗಲೇ ಇಷ್ಟು ಗೊಬ್ಬರ ಯಾಕೆ ಎಂದು ಒಮ್ಮೆ ಕೇಳಿದ್ದೆ. "ಗೊಬ್ಬರ ಹಾಕದು ಗಿಡಕ್ಕಲ್ಲ ತಮಾ, ಗುಂಡಿಗೆ" ಅಂದಿದ್ದರು ದೊಡ್ಡಪ್ಪ.

ಆ ಮಾತಿನ ಅರ್ಥ ಆಗ ಆಗಲಿಲ್ಲ. ಈಗ ಸಾವಯವ ಮೇಲೋ ರಾಸಾಯನಿಕ ಮೇಲೋ ಎಂಬ ವಾದ ಕೇಳಿದಾಗಲೆಲ್ಲ ನೆನಪಾಗುತ್ತದೆ. ವಾದ ಮಾಡುವವರೆಲ್ಲ ಗಿಡಕ್ಕೆ ಏನು ಹಾಕಬೇಕೆಂದು ಜಗಳವಾಡುತ್ತಾರೆ, ಗುಂಡಿಯ ಸುದ್ದಿ ಯಾರೂ ಎತ್ತುವುದಿಲ್ಲ. ಗಡ್ಡೆ-ಗೆಣಸಿನ ಮಟ್ಟಿಗಂತೂ ಇಡೀ ತಕರಾರು ಗುಂಡಿಯಲ್ಲೇ ಇದೆ.

ಮೊದಲು ಹೆಸರುಗಳ ಗೊಂದಲ. ಇಂಗ್ಲಿಷಿನವರು ಯಾಮ್ ಎಂಬ ಒಂದೇ ಚೀಲಕ್ಕೆ ಎರಡು ಬೇರೆ ಸಂಸಾರಗಳನ್ನು ತುಂಬಿದ್ದಾರೆ. ಬಳ್ಳಿಯಾಗಿ ಮರ ಹತ್ತುವ ಹೆಗ್ಗೆಣಸು ಒಂದು ಕುಲದ್ದು. ಛತ್ರಿಯ ಹಾಗೆ ಒಂಟಿ ಎಲೆ ಬಿಚ್ಚಿ ನಿಲ್ಲುವ ಸುವರ್ಣಗಡ್ಡೆ ಕೆಸುವಿನ ನೆಂಟ. ಕನ್ನಡಕ್ಕೆ ಈ ಗೊಂದಲ ಇಲ್ಲ. ಆದರೆ ಗೊಬ್ಬರದ ವಿಷಯಕ್ಕೆ ಬಂದಾಗ ನಾವೂ ಪದಗಳಲ್ಲಿ ಎಡವುತ್ತೇವೆ. ರಸಾಯನಶಾಸ್ತ್ರದ ಪಾಠದಲ್ಲಿ ಸಾವಯವ ಎಂದರೆ ಇಂಗಾಲದ ಸಂಯುಕ್ತ. ಆ ಲೆಕ್ಕದಲ್ಲಿ ಯೂರಿಯಾ ಸಾಕ್ಷಾತ್ ಸಾವಯವ ವಸ್ತು. 1828ರಲ್ಲಿ ಜರ್ಮನಿಯ ಫ್ರೀಡ್ರಿಕ್ ವೋಲರ್ ಪ್ರಯೋಗಶಾಲೆಯಲ್ಲಿ ಅದನ್ನು ತಯಾರಿಸಿದ್ದೇ, ಜೀವಿಗಳ ದೇಹದಲ್ಲಿ ಮಾತ್ರ ಹುಟ್ಟುವ ವಸ್ತುಗಳಿಗೆ ಏನೋ ಪ್ರಾಣಶಕ್ತಿ ಬೇಕು ಎಂಬ ನಂಬಿಕೆಗೆ ಬಿದ್ದ ಮೊದಲ ದೊಡ್ಡ ಪೆಟ್ಟು. ಇನ್ನೊಂದು ಕಡೆ, ಸಾವಯವ ಕೃಷಿಕ ಭಕ್ತಿಯಿಂದ ಗುಂಡಿಗೆ ಸುರಿಯುವ ಒಲೆಬೂದಿ ಅಪ್ಪಟ ನಿರವಯವ. ಸೊಪ್ಪು-ಸೌದೆಯ ಅವಯವವೆಲ್ಲ ಸುಟ್ಟುಹೋಗಿ ಉಳಿದ ಪೊಟ್ಯಾಷಿಯಂ, ಕ್ಯಾಲ್ಸಿಯಂಗಳ ಲವಣ ಅದು. ಹೆಸರನ್ನೇ ಹಿಡಿದು ಹೊರಟರೆ ಯೂರಿಯಾ ಒಳಗೆ ಬಂದು ಬೂದಿ ಹೊರಗೆ ಹೋಗಬೇಕಾಗುತ್ತದೆ. ಇದು ಬರೀ ಮಾತಿನ ಚಮತ್ಕಾರವಲ್ಲ. ಬೇರು ಹೀರುವುದು ನೈಟ್ರೇಟು, ಅಮೋನಿಯಂ, ಫಾಸ್ಫೇಟು, ಪೊಟ್ಯಾಷಿಯಂ. ಅವು ಎಮ್ಮೆಯ ಹೊಟ್ಟೆಯಿಂದ ಬಂದವೋ ಕಾರ್ಖಾನೆಯಿಂದ ಬಂದವೋ ಎಂದು ಬೇರು ಜಾತಿ ಕೇಳುವುದಿಲ್ಲ. ಯಾವಾಗ ಸಿಕ್ಕಿತು, ಎಂಥ ಮಣ್ಣಲ್ಲಿ ಸಿಕ್ಕಿತು ಎಂಬಷ್ಟೇ ಅದರ ಪ್ರಶ್ನೆ.

ಈ 'ಯಾವಾಗ' ಎಂಬುದು ಸುವರ್ಣಗಡ್ಡೆಯಲ್ಲಿ ಬಹಳ ವಿಚಿತ್ರ. ನೆಟ್ಟ ಹೋಳು ಮೊಳೆತು ಮೇಲೆ ಬರಲು ಒಂದು ತಿಂಗಳಾದರೂ ಬೇಕು, ಕೆಲವು ಸಲ ಇನ್ನೂ ಹೆಚ್ಚು. ಅಲ್ಲಿಯವರೆಗೆ ಅದು ತಾಯಿಗಡ್ಡೆಯ ಬುತ್ತಿಯನ್ನೇ ಉಂಡುಕೊಂಡಿರುತ್ತದೆ. ಮಚ್ಚೆ ಮಚ್ಚೆ ದಂಟು ಎದ್ದು ಎಲೆ ಬಿಚ್ಚಿಕೊಳ್ಳುವ ಹೊತ್ತಿಗೆ ನೆಟ್ಟ ಹೋಳು ಒಳಗೊಳಗೇ ಸೊರಗುತ್ತದೆ, ಅದರ ನೆತ್ತಿಯ ಮೇಲೆ ಹೊಸ ಗಡ್ಡೆ ಕಟ್ಟತೊಡಗುತ್ತದೆ. ಅಗೆಯುವಾಗ ಸಿಗುವುದು ನಾವು ನೆಟ್ಟಿದ್ದು ದಪ್ಪಗಾದದ್ದಲ್ಲ, ಅದರ ಜಾಗದಲ್ಲಿ ಕೂತ ಇನ್ನೊಂದು. ಈ ಹೊಸ ಗಡ್ಡೆಗೆ ಊಟ ಬೇಕಾಗುವುದು ಆಷಾಢದ ಆಚೆಗೆ. ನೆಡುವುದು ಮಾರ್ಚ್-ಏಪ್ರಿಲ್‌ನಲ್ಲಿ, ಕೀಳುವುದು ಎಲೆ ಹಣ್ಣಾಗಿ ಒರಗಿದ ಮೇಲೆ ಡಿಸೆಂಬರ್-ಜನವರಿಯಲ್ಲಿ. ನಡುವೆ ನಮ್ಮ ಘಟ್ಟದ ಮಳೆ ಎರಡು ಸಾವಿರ ಮಿಲಿಮೀಟರು ದಾಟುತ್ತದೆ. ನೆಡುವಾಗಲೇ ಯೂರಿಯಾ ಹಾಕಿದವನು ಗಿಡಕ್ಕೆ ಹಾಕಿದಂತಲ್ಲ, ಹಳ್ಳಕ್ಕೆ ಹಾಕಿದಂತೆ. ಯೂರಿಯಾ ಮಣ್ಣಿಗೆ ಬಿದ್ದು ಕೆಲವೇ ವಾರಗಳಲ್ಲಿ ನೈಟ್ರೇಟ್ ಆಗುತ್ತದೆ. ಮಣ್ಣಿನ ಕಣ ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ನೀರು ಹೋದ ಕಡೆ ಅದೂ ಹೋಗುತ್ತದೆ. ಕೊಟ್ಟಿಗೆ ಗೊಬ್ಬರದ ಸಾರಜನಕ ಹಾಗಲ್ಲ, ಸೂಕ್ಷ್ಮಜೀವಿಗಳು ಬಿಡಿಸಿ ಕೊಟ್ಟಷ್ಟೇ ಸಿಗುತ್ತದೆ. ಮೊದಲ ವರ್ಷ ಅದರಲ್ಲಿ ಒಂದು ಪಾಲು ಮಾತ್ರ ಗಿಡಕ್ಕೆ ದಕ್ಕುತ್ತದೆ, ಉಳಿದದ್ದು ಮುಂದಿನ ವರ್ಷಕ್ಕೆ. ಬೇರೆ ಬೆಳೆಯಲ್ಲಿ ದೋಷವೆನಿಸುವ ಈ ನಿಧಾನ, ಎಂಟು-ಒಂಬತ್ತು ತಿಂಗಳ ಗಡ್ಡೆಗೆ ಗುಣವಾಗಿ ಒದಗುತ್ತದೆ.

ಇನ್ನು 'ಎಂಥ ಮಣ್ಣು'. ಕಾಳು ಕಟ್ಟುವ ಬೆಳೆ ಗಾಳಿಯಲ್ಲಿ ಕಾಳು ಕಟ್ಟುತ್ತದೆ, ಅದಕ್ಕೆ ಮೇಲೆ ಜಾಗಕ್ಕೇನು ಕೊರತೆ? ಗಡ್ಡೆ ಹಾಗಲ್ಲ, ಮಣ್ಣನ್ನು ತಳ್ಳಿಕೊಂಡೇ ಜಾಗ ಮಾಡಿಕೊಳ್ಳಬೇಕು. ಜಂಬಿಟ್ಟಿಗೆಯ ಗಟ್ಟಿ ನೆಲದಲ್ಲಿ ಎಷ್ಟು ಪೋಷಕಾಂಶ ಸುರಿದರೂ ಗಡ್ಡೆ ಸೊಟ್ಟಗೆ, ಗಂಟುಗಂಟಾಗಿ ಬರುತ್ತದೆ. ಹೆಗ್ಗೆಣಸಾದರೆ ಕಲ್ಲಿನ ಸಂದಿಯಲ್ಲಿ ಕವಲೊಡೆದು, ಅಗೆಯುವಾಗ ತುಂಡಾಗಿ, ಅರ್ಧ ನೆಲದಲ್ಲೇ ಉಳಿಯುತ್ತದೆ. ಚೀಲದ ಗೊಬ್ಬರ ಯಾವ ಮಣ್ಣನ್ನೂ ಮೆತ್ತಗೆ ಮಾಡಿದ್ದಿಲ್ಲ. ಅದು ಸೊಪ್ಪು-ಸಗಣಿಯ ಕೆಲಸ, ಈ ಕೆಲಸಕ್ಕೆ ಬದಲಿ ಆಳು ಇಲ್ಲ. ದೊಡ್ಡಪ್ಪ ಗುಂಡಿಗೆ ಅಂದದ್ದು ಇದನ್ನೇ.

ಹಾಗಾದರೆ ತೀರ್ಪು ಆಯಿತಲ್ಲ, ಸಾವಯವವೇ ಸರಿ? ಹಾಗೆ ಹೇಳಲು ಗಟ್ಟಿ ಸಾಕ್ಷಿಯೂ ಇದೆ. ತಿರುವನಂತಪುರದ ಶ್ರೀಕಾರ್ಯದಲ್ಲಿರುವ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ 1963ರಿಂದ ಇದೇ ಕಸುಬಿನಲ್ಲಿದೆ. ಅಲ್ಲಿ ಸುವರ್ಣಗಡ್ಡೆಯನ್ನು ಎರಡೂ ವಿಧಾನಗಳಲ್ಲಿ ಹಲವು ವರ್ಷ ಬೆಳೆದು ತೂಗಿ ನೋಡಿದರು. ಸಾವಯವದ ಇಳುವರಿ ಶೇ. 20ರಷ್ಟು ಹೆಚ್ಚು ಬಂತು. ಬಳ್ಳಿಗೆಣಸುಗಳಲ್ಲೂ ಸಾವಯವವೇ ಮುಂದೆ, ಅಂತರ ಮಾತ್ರ ಕಡಿಮೆ. ಮಣ್ಣಿನ ಹುಳಿ ತಗ್ಗಿತು, ಗಡ್ಡೆಯಲ್ಲಿ ತುರಿಕೆಗೆ ಕಾರಣವಾಗುವ ಆಕ್ಸಲೇಟೂ ಕಡಿಮೆ ಕಂಡಿತು. ಸಾವಯವ ಎಂದರೆ ಇಳುವರಿ ಕುಸಿತ ಎಂದು ಕಣ್ಣುಮುಚ್ಚಿ ಹೇಳುವವರು ಈ ಗಡ್ಡೆಯ ಮುಂದೆ ಸುಮ್ಮನಾಗಬೇಕು.

ಸುಮ್ಮನಾದ ಮೇಲೆ ಆ ಗುಂಡಿಗಳಿಗೆ ಏನೇನು ಹಾಕಿದ್ದರು ಎಂದೂ ನೋಡಬೇಕು. ಸಂಸ್ಥೆ ಹೇಳುವ ಸಾವಯವ ಪದ್ಧತಿಯಲ್ಲಿ ಹೆಕ್ಟೇರಿಗೆ 36 ಟನ್ ಕೊಟ್ಟಿಗೆ ಗೊಬ್ಬರ, ಒಂದು ಟನ್ ಬೇವಿನ ಹಿಂಡಿ, ಮೂರು ಟನ್ ಬೂದಿ, ಅದರ ಮೇಲೆ ಗುಂಡಿಗಳ ನಡುವೆಯೇ ಅಲಸಂದೆ ಬಿತ್ತಿ ಮಣ್ಣಿಗೆ ಸೇರಿಸುವ 20ರಿಂದ 25 ಟನ್ ಹಸಿರು ಸೊಪ್ಪು. ಎದುರಾಳಿಗೆ ಸಿಕ್ಕಿದ್ದು 100 ಕಿಲೋ ಸಾರಜನಕ, 50 ಕಿಲೋ ರಂಜಕ, 150 ಕಿಲೋ ಪೊಟ್ಯಾಷ್, ಜೊತೆಗೆ 25 ಟನ್ ಕೊಟ್ಟಿಗೆ ಗೊಬ್ಬರ. ಹೌದು, ರಾಸಾಯನಿಕ ಎಂದು ಕರೆಸಿಕೊಂಡ ತಾಕಿಗೂ 25 ಟನ್ ಸಗಣಿ ಬಿದ್ದಿತ್ತು. ಸೋತವನೂ ನಿಂತದ್ದು ತಿಪ್ಪೆಯ ಮೇಲೆಯೇ. ಬರೀ ಚೀಲದ ಗೊಬ್ಬರದಲ್ಲಿ ಗಡ್ಡೆ ಬೆಳೆಯಿರಿ ಎಂದು ಈ ಬೆಳೆ ಬಲ್ಲ ವಿಜ್ಞಾನಿಗಳು ಹೇಳುತ್ತಲೇ ಇಲ್ಲ.

ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಸುಮಾರು ಶೇ. 0.5, ಬೇವಿನ ಹಿಂಡಿಯಲ್ಲಿ ಶೇ. 5ರ ಹತ್ತಿರ. ಗುಣಿಸಿ ನೋಡಿದರೆ ಸಾವಯವ ತಾಕಿಗೆ ಸಗಣಿಯಿಂದ 180 ಕಿಲೋ, ಹಿಂಡಿಯಿಂದ 50 ಕಿಲೋ, ಅಲಸಂದೆಯಿಂದ ಇನ್ನಷ್ಟು. ಎದುರು ತಾಕಿಗೆ ಎರಡೂ ಸೇರಿ 225 ಕಿಲೋ. ಎಂದರೆ ತಕ್ಕಡಿಯ ಸಾವಯವ ತಟ್ಟೆಯಲ್ಲಿ ಸಾಮಾನೇ ಹೆಚ್ಚು ಇತ್ತು. ಪ್ರಯೋಗ ಮಾಡಿದವರ ತಪ್ಪೇನೂ ಇದರಲ್ಲಿಲ್ಲ. ಅವರು ಕೇಳಿದ್ದು ಈ ಪದ್ಧತಿ ಒಟ್ಟಾರೆ ನಡೆಯುತ್ತದೆಯೇ ಎಂಬ ಪ್ರಶ್ನೆ. ನಡೆಯುತ್ತದೆ ಎಂದು ತೋರಿಸಿದರು. ಕಿಲೋಗೆ ಕಿಲೋ ಯಾವುದು ಮೇಲು ಎಂದು ಅದರಿಂದ ತೀರ್ಮಾನ ಎಳೆಯುವುದು ಓದಿದವರ ಅವಸರ.

ಇನ್ನು 36 ಟನ್ ಎಲ್ಲಿಂದ ತರುವುದು? ಎಕರೆಗೆ ಇಳಿಸಿದರೆ ಹದಿನಾಲ್ಕೂವರೆ ಟನ್. ಮಧ್ಯಮ ಗಾತ್ರದ ಒಂದು ಆಕಳು ದಿನಕ್ಕೆ ಹತ್ತು ಕಿಲೋ ಸಗಣಿ ಹಾಕಿತು ಎನ್ನಿ, ವರ್ಷಕ್ಕೆ ಮೂರೂವರೆ ಟನ್ ಹಸಿ ಸಗಣಿ. ಹಾಸಿದ ಸೊಪ್ಪು ಸೇರಿ, ಕೊಳೆತು, ಆರಿ ಗುಂಡಿಗೆ ಹೋಗುವ ಹೊತ್ತಿಗೆ ಎರಡು ಟನ್ ಉಳಿದರೆ ಪುಣ್ಯ. ಒಂದು ಎಕರೆ ಗಡ್ಡೆಗೆ ಏಳು ಆಕಳು ಬೇಕು. ಮಲೆನಾಡು ಗಿಡ್ಡವಾದರೆ ಇನ್ನೂ ಹೆಚ್ಚು. ಪಾಪ, ಅದರ ಮೈಯೇ ಅಷ್ಟು. ಇದರ ಎದುರು ಚೀಲದ ಲೆಕ್ಕ ಇಡಿ. 45 ಕಿಲೋ ಯೂರಿಯಾ ಚೀಲದಲ್ಲಿ ಶೇ. 46ರಂತೆ ಹತ್ತಿರಹತ್ತಿರ 21 ಕಿಲೋ ಸಾರಜನಕ. ಅಷ್ಟು ಸಾರಜನಕ ಸಗಣಿಯಲ್ಲಿ ಬೇಕೆಂದರೆ ನಾಲ್ಕು ಟನ್ ಹೊರಬೇಕು. ಹೆಗಲ ಮೇಲೆ ಹೊತ್ತು ತೋಟದ ಸಂಕ ದಾಟುವ ಒಂದು ಚೀಲ ಒಂದು ಕಡೆ, ಇಡೀ ಒಂದು ಟ್ರ್ಯಾಕ್ಟರ್ ಲೋಡು ಇನ್ನೊಂದು ಕಡೆ. ಕೂಲಿಯಾಳು ಸಿಗದ ಊರಿನ ರೈತ ಚೀಲಕ್ಕೆ ಯಾಕೆ ಮನಸೋತ ಎಂದು ತಿಳಿಯಲು ದೊಡ್ಡ ಸಂಶೋಧನೆ ಬೇಡ.

ಸಾವಯವ ಎಂದರೆ ಹೊರಗಿನಿಂದ ಏನೂ ತಾರದ ಸ್ವಾವಲಂಬನೆ ಎನ್ನುವವರು ನಮ್ಮ ಸೊಪ್ಪಿನ ಬೆಟ್ಟಗಳನ್ನು ಒಮ್ಮೆ ಹತ್ತಬೇಕು. ಉತ್ತರ ಕನ್ನಡದ ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸೌಲಭ್ಯ ಬ್ರಿಟಿಷರ ಕಾಲದಿಂದ ಇದೆ. ಆ ಬೆಟ್ಟದ ಸೊಪ್ಪು ಕಡಿದು, ಕೊಟ್ಟಿಗೆಗೆ ಹಾಸಿ, ದನ ತುಳಿದು, ಗೊಬ್ಬರವಾಗಿ ತೋಟಕ್ಕೆ ಹೋಗುತ್ತದೆ. ಎಂದರೆ ಒಂದು ಎಕರೆಯ ಹಸಿರಿನ ಹಿಂದೆ ಒಂಬತ್ತು ಎಕರೆಯ ಫಲವತ್ತತೆ ವರ್ಷವರ್ಷವೂ ಕೆಳಗೆ ಇಳಿದು ಬರುತ್ತದೆ. ಜೋಪಾನವಾಗಿ ಸವರಿದ ಬೆಟ್ಟಗಳು ಇಂದಿಗೂ ಚೆನ್ನಾಗಿವೆ; ಬೋಳಾಗಿ ಕಲ್ಲು ತೋರಿಸುತ್ತ ನಿಂತವೂ ಇವೆ. ಬೆಟ್ಟವಿಲ್ಲದ ಬಯಲುಸೀಮೆಯ ರೈತನಿಗೆ ಇದನ್ನು ಮಾದರಿ ಎಂದು ತೋರಿಸುವುದು, ಮಾವನ ಮನೆಯ ಆಸ್ತಿಯಲ್ಲಿ ಕಟ್ಟಿದ ಮನೆ ತೋರಿಸಿ ದುಡಿಮೆಯ ಪಾಠ ಹೇಳಿದಂತೆ. ಹಿಂದಿನ ಕುಮರಿ ಬೇಸಾಯದ ಲೆಕ್ಕವೂ ಇದೇ: ಕಾಡು ಸುಟ್ಟ ಬೂದಿಯಲ್ಲಿ ಎರಡು-ಮೂರು ವರ್ಷ ಬೆಳೆ, ಆಮೇಲೆ ಹತ್ತಾರು ವರ್ಷ ಆ ನೆಲಕ್ಕೆ ಬಿಡುವು. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷರು ಅದಕ್ಕೆ ಕಡಿವಾಣ ಹಾಕಿದರು. ಆದರೂ ಗಡ್ಡೆ-ಗೆಣಸಿನ ತಿಳಿವಳಿಕೆ ಜೋಯಿಡಾದ ಕುಣಬಿಗಳ ಕೈಯಲ್ಲಿ ಉಳಿದಿದೆ. ಅಲ್ಲಿನ ಗಡ್ಡೆ-ಗೆಣಸಿನ ಮೇಳಕ್ಕೆ ಹೋದವರಿಗೆ ನಮ್ಮ ತರಕಾರಿ ಅಂಗಡಿ ಎಷ್ಟು ಬಡವ ಎಂದು ಗೊತ್ತಾಗುತ್ತದೆ.

ಇದೇ ಕಥೆ ಸಮುದ್ರದಾಚೆಯೂ ನಡೆದಿದೆ. ಜಗತ್ತಿನ ಹೆಗ್ಗೆಣಸಿನಲ್ಲಿ ಸಿಂಹಪಾಲು ನೈಜೀರಿಯಾದ್ದು. ಅಲ್ಲಿ ಪಾಳು ಬಿಟ್ಟ ನೆಲವನ್ನು ಮತ್ತೆ ತೆರೆದಾಗ ಮೊದಲ ಪಂಕ್ತಿ ಗೆಣಸಿಗೆ, ಉಳಿದ ಬೆಳೆಗಳಿಗೆ ಆಮೇಲೆ. ಜನ ಹೆಚ್ಚಿ ಪಾಳಿನ ವರ್ಷಗಳು ಕಡಿಮೆಯಾದಂತೆ ಚೀಲದ ಗೊಬ್ಬರ ಬಂತು. ಅದರ ಬೆನ್ನಿಗೇ ಬಂತು ಪಶ್ಚಿಮ ಆಫ್ರಿಕಾದ ರೈತರಲ್ಲಿ ವ್ಯಾಪಕವಾಗಿರುವ ನಂಬಿಕೆ: ಗೊಬ್ಬರ ಹಾಕಿದ ಗೆಣಸು ಬೇಗ ಕೊಳೆಯುತ್ತದೆ, ಬೇಯಿಸಿ ಕುಟ್ಟಿದರೆ ರುಚಿ ಇಲ್ಲ. ಇದೇ ಮಾತನ್ನು ನಾನು ನಮ್ಮ ಊರಿನಲ್ಲೂ ಕೇಳಿದ್ದೇನೆ. "ಸರ್ಕಾರಿ ಗೊಬ್ಬರದ ಗಡ್ಡೆ ಅಟ್ಟದ ಮೇಲೆ ತಡೆಯದಿಲ್ಲೆ" ಎನ್ನುತ್ತಿದ್ದರು ದೊಡ್ಡಮ್ಮ. ಒಬ್ಬರನ್ನೊಬ್ಬರು ಕಾಣದ ಎರಡು ಖಂಡಗಳ ಜನ ಒಂದೇ ದೂರು ಹೇಳುವಾಗ ಅದನ್ನು ಮೂಢನಂಬಿಕೆ ಎಂದು ತಳ್ಳುವುದು ಉದ್ಧಟತನ.

ಆದರೆ ದೂರು ಸರಿಯಿದ್ದ ಮಾತ್ರಕ್ಕೆ ಅಪರಾಧಿ ಚೀಲದ ಗೊಬ್ಬರವೇ ಆಗಬೇಕಿಲ್ಲ. ಸಾರಜನಕ ಅತಿಯಾದರೆ ಗಿಡ ಎಲೆಯನ್ನೇ ಬೆಳೆಸುತ್ತ ಕೂರುತ್ತದೆ, ಗಡ್ಡೆ ಬಲಿಯುವುದು ಹಿಂದೆ ಬೀಳುತ್ತದೆ. ನೀರು ತುಂಬಿದ ಎಳೆ ಗಡ್ಡೆ ಅಟ್ಟದ ಮೇಲೆ ಕೊಳೆಯದೆ ಇನ್ನೇನು? ಎಲೆ ತಯಾರಿಸಿದ ಸಕ್ಕರೆ ಕೆಳಗಿಳಿದು ಹಿಟ್ಟಾಗಿ ಕೂರಲು ಬೇಕಾದದ್ದು ಪೊಟ್ಯಾಷ್. ಶಿಫಾರಸಿನಲ್ಲಿ ಸಾರಜನಕಕ್ಕಿಂತ ಅದೇ ಒಂದೂವರೆ ಪಟ್ಟು ಇರುವುದು ಅದಕ್ಕೇ. ನಮ್ಮ ರೈತ ಮಾಡುವುದು ತಿರುಗುಮುರುಗು, ಮಾಡಿಸುವುದು ಸರ್ಕಾರದ ಬೆಲೆ. 2010ರಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿ ಬಂದಾಗ ರಂಜಕ, ಪೊಟ್ಯಾಷ್‌ಗಳನ್ನು ಅದರ ಕೆಳಗೆ ತಂದು ಯೂರಿಯಾವನ್ನು ಹೊರಗೆ ಇಟ್ಟರು. ಯೂರಿಯಾ ಚೀಲ ವರ್ಷಗಟ್ಟಲೆಯಿಂದ ಮುನ್ನೂರು ರೂಪಾಯಿಯ ಒಳಗೇ ಇದೆ. ಹೊರದೇಶದಿಂದ ಬರುವ ಪೊಟ್ಯಾಷ್ ಅದರ ಹಲವು ಪಟ್ಟು. ಅಗ್ಗದ್ದನ್ನು ಧಾರಾಳ ಹಾಕಿ ತುಟ್ಟಿಯದನ್ನು ಬಿಟ್ಟವನ ಗಡ್ಡೆ ಕೊಳೆತರೆ, ಅದು ರಾಸಾಯನಿಕ ಗೊಬ್ಬರದ ಸ್ವಭಾವವಲ್ಲ, ಅರ್ಧ ಹಾಕಿದ್ದರ ಫಲ. ಹಳಬರ ಗುಂಡಿಯಲ್ಲಿ ಬೂದಿ, ಸುಡುಮಣ್ಣು ತಪ್ಪುತ್ತಿರಲಿಲ್ಲ ಎಂಬುದನ್ನು ನೆನೆಯಿರಿ. ಅವರು ಪೊಟ್ಯಾಷ್ ಎಂಬ ಹೆಸರು ಕೇಳಿರಲಿಲ್ಲ, ಅಷ್ಟೇ.

ಮಣ್ಣಿನ ಹುಳಿಯ ವಿಷಯದಲ್ಲಿ ನಾನು ಯೂರಿಯಾದ ವಕೀಲಿಕೆ ಮಾಡಲಾರೆ. ಮಳೆಗೆ ತೊಳೆದು ತೊಳೆದು ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣು ಮೊದಲೇ ಹುಳಿ. ಯೂರಿಯಾ, ಅಮೋನಿಯಂ ಗೊಬ್ಬರಗಳು ನೈಟ್ರೇಟ್ ಆಗುವಾಗ ಅದನ್ನು ಇನ್ನಷ್ಟು ಹುಳಿ ಮಾಡುತ್ತವೆ. ಬೂದಿ, ಸಗಣಿ ಉಲ್ಟಾ ದಿಕ್ಕಿಗೆ ಎಳೆಯುತ್ತವೆ. ಒಂದು ವರ್ಷದ ತಕ್ಕಡಿಯಲ್ಲಿ ಇದು ಕಾಣುವುದಿಲ್ಲ. ಹತ್ತು ವರ್ಷದ ಮೇಲೆ, ರಂಜಕ ಹಾಕಿದರೂ ಬೇರಿಗೆ ಸಿಗದೆ ಮಣ್ಣಲ್ಲೇ ಸಿಕ್ಕಿಬಿದ್ದಾಗ ಕಾಣುತ್ತದೆ. ಸುಣ್ಣ ಹಾಕಿ ಸರಿಪಡಿಸಬಹುದು. ಹಾಕುವವರು ಎಷ್ಟು ಜನ?

ರೋಗದ ಮಾತು ಎತ್ತಿದರೂ ತಿಪ್ಪೆಯೇ ಗೆಲ್ಲುತ್ತದೆ, ಆದರೆ ಒಂದು ಷರತ್ತಿನ ಮೇಲೆ. ಸುವರ್ಣಗಡ್ಡೆಯ ದೊಡ್ಡ ಶತ್ರು ಬುಡ ಕೊಳೆ. ನೀರು ನಿಂತಲ್ಲಿ, ಕಳೆ ಕೀಳುವಾಗ ಕತ್ತಿ ತಾಗಿದಲ್ಲಿ, ದಂಟು ಮಣ್ಣು ಸೇರುವ ಜಾಗಕ್ಕೆ ಶಿಲೀಂಧ್ರ ಹತ್ತುತ್ತದೆ. ನಿನ್ನೆ ಛತ್ರಿ ಹಿಡಿದು ನಿಂತದ್ದು ಇವತ್ತು ನೆಲ ಹಿಡಿದಿರುತ್ತದೆ. ಬೇವಿನ ಹಿಂಡಿ ಬೆರೆಸಿ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಬೆಳೆಸಿದ ಗೊಬ್ಬರ ಇದಕ್ಕೆ ಒಳ್ಳೆಯ ಕಾವಲು. ಅದೇ ಗೊಬ್ಬರ ಅರೆಬರೆ ಕೊಳೆತದ್ದಾದರೆ ಕಾವಲುಗಾರನೇ ಕಳ್ಳನಿಗೆ ಬಾಗಿಲು ತೆಗೆದಂತೆ: ಕೊಳೆ ತರುವ ಶಿಲೀಂಧ್ರ ಹಸಿ ಕಸದ ಮೇಲೆ ಹಾಯಾಗಿ ಬದುಕುತ್ತದೆ. ಸಾವಯವ ಎಂಬ ಹೆಸರಿನಲ್ಲಿ ಹಸಿ ಸಗಣಿಯನ್ನು ಬುಡಕ್ಕೆ ಸುರಿದು ಇಡೀ ಸಾಲು ಕಳೆದುಕೊಂಡವನು ನಾನೇ. ಅಂಗಡಿಯ ಗೊಬ್ಬರವಾದರೆ ಬೈಯಲು ಒಬ್ಬ ಅಂಗಡಿಯವನಾದರೂ ಇರುತ್ತಿದ್ದ.

ಇಷ್ಟೆಲ್ಲ ಆದ ಮೇಲೆ ನನ್ನ ಪಕ್ಷ ಯಾವುದು ಎಂದು ಕೇಳಿದರೆ: ತಳಕ್ಕೆ ತಿಪ್ಪೆ, ಮೇಲೆ ಅಗತ್ಯವಿದ್ದಷ್ಟು ಚೀಲ. ಹೀಗೆಂದರೆ ಎರಡೂ ಕಡೆಯವರಿಗೆ ಕೈಮುಗಿದ ನಡುಮಾರ್ಗ ಎನ್ನಿಸಬಹುದು. ಅಲ್ಲ. ತಳದ ಗೊಬ್ಬರವಿಲ್ಲದೆ ಬರೀ ಚೀಲ ನಂಬುವುದು ಗಡ್ಡೆಯ ಬೆಳೆಯಲ್ಲಿ ತಪ್ಪೇ, ಅದಕ್ಕೆ ರಿಯಾಯಿತಿ ಇಲ್ಲ. ಮನೆ ಹಿತ್ತಲಿನ ನಲವತ್ತು ಗುಂಡಿಗೆ ಯೂರಿಯಾ ತರುವವನಿಗೆ ಸೋಮಾರಿತನ ಬಿಟ್ಟು ಬೇರೆ ನೆಪವಿಲ್ಲ. ಗುಂಡಿಗೆ ಮೂರು ಕಿಲೋದಂತೆ 120 ಕಿಲೋ ಗೊಬ್ಬರ, ಹತ್ತು ಕಿಲೋ ಬೂದಿ ಯಾವ ಹಳ್ಳಿಯ ಮನೆಗೂ ಹೊರೆಯಲ್ಲ. ಆದರೆ ಐದೆಕರೆ ಗದ್ದೆಯನ್ನು ವರ್ಷಕ್ಕಿಷ್ಟು ಎಂದು ಗೇಣಿಗೆ ಹಿಡಿದು ಗಡ್ಡೆ ಹಾಕಿದವನಿಗೆ ಕೊಟ್ಟಿಗೆಯೂ ಇಲ್ಲ, ಬೆಟ್ಟವೂ ಇಲ್ಲ, ಮುಂದಿನ ವರ್ಷ ಆ ನೆಲವೂ ಅವನದಲ್ಲ. ಇವತ್ತು ಹಾಕಿದ ಸಗಣಿಯ ಫಲದಲ್ಲಿ ದೊಡ್ಡ ಪಾಲು ಇನ್ನೊಬ್ಬನ ಬೆಳೆಗೆ ಹೋಗುವಾಗ ಅವನು 70 ಟನ್ ಗೊಬ್ಬರ ಕೊಂಡು ಸುರಿಯಬೇಕು ಎಂದು ಉಪದೇಶ ಮಾಡುವ ಬಾಯಿ ನನಗಿಲ್ಲ. ಅವನು ಗೇಣಿಯ ಅವಧಿ ಐದು ವರ್ಷಕ್ಕೆ ಏರಿಸಿಕೊಳ್ಳುವಂತಾದರೆ ತಿಪ್ಪೆ ತಾನಾಗಿ ಬರುತ್ತದೆ. ಅಲ್ಲಿಯವರೆಗೆ ಅವನಿಗೆ ಹೇಳಬೇಕಾದ್ದು ಇಷ್ಟು: ಮೊಳಕೆ ಬರುವ ಮೊದಲಿನ ಖಾಲಿ ಒಂದೂವರೆ ತಿಂಗಳಲ್ಲಿ ನಡುವೆ ಅಲಸಂದೆ ಚೆಲ್ಲು, ಅದು ಗಾಳಿಯ ಸಾರಜನಕ ಹಿಡಿದು ಕೊಡುತ್ತದೆ, ಹೊರುವ ಕೂಲಿ ಇಲ್ಲ; ಯೂರಿಯಾ ಅರ್ಧ ಮಾಡು, ಎಲೆ ಬಿಚ್ಚಿದ ಮೇಲೆ ಎರಡು ಕಂತಿನಲ್ಲಿ, ಬುಡದಿಂದ ದೂರ ಹಾಕು; ಪೊಟ್ಯಾಷ್‌ನಲ್ಲಿ ಮಾತ್ರ ಜಿಪುಣತನ ಬೇಡ. ಸಾವಯವ ಎಂಬ ಚೀಟಿ ಅವನ ಗಡ್ಡೆಗೆ ಸಿಗದಿರಬಹುದು. ನಮ್ಮ ಸಂತೆಯಲ್ಲಿ ಸುವರ್ಣಗಡ್ಡೆ ಕೊಳ್ಳುವವರು ಇಲ್ಲಿಯವರೆಗೆ ಕೇಳಿದ್ದು ಒಂದೇ ಪ್ರಶ್ನೆ, ತುರಿಸುತ್ತದೋ ಇಲ್ಲವೋ ಎಂದು.

ಕಳೆದ ಮಾರ್ಚ್‌ನಲ್ಲಿ ಹೋದಾಗ ದೊಡ್ಡಪ್ಪನ ಮಗ ಗುಂಡಿ ತೋಡಿಸುತ್ತಿದ್ದ. ಎಂಟು ದನ ಇದ್ದ ಕೊಟ್ಟಿಗೆಯಲ್ಲಿ ಈಗ ಎರಡು, ಆ ಗೊಬ್ಬರ ಅಡಿಕೆಗೇ ಸಾಲದು. ಗುಂಡಿಯ ಸಂಖ್ಯೆಯೂ ನಲವತ್ತರಿಂದ ಹದಿನೈದಕ್ಕೆ ಇಳಿದಿದೆ. ಪ್ರತಿ ಗುಂಡಿಗೂ ಒಂದೊಂದು ಬುಟ್ಟಿ ಗೊಬ್ಬರ ಎಣಿಸಿ ಹಾಕಿದ. ಬಚ್ಚಲ ಒಲೆ ಹೋಗಿ ಗೀಸರು ಬಂದಿದೆ, ಬೂದಿ ಇಲ್ಲ. ಅಂಗಳದ ಮೂಲೆಯಲ್ಲಿ ಬಾಯಿ ಕಟ್ಟಿದ ಪೊಟ್ಯಾಷ್ ಚೀಲ ಇತ್ತು. ಅದರ ಮೇಲೆ ಹಳೆ ಗೋಣಿ ಹೊದಿಸಿದ್ದ.

"ಯಾಕೋ, ಮುಚ್ಚಿಟ್ಟಿದ್ದೆ?" ಎಂದೆ.

"ಅಪ್ಪಯ್ಯ ದಿನಾ ಇಲ್ಲೇ ಕೂತ್ಕತ್ತಾ," ಅಂದ.